ನಿನ್ನ ಹೊಟ್ಟೆ ಬೆಚ್ಚಗಿರಲಿ

ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದೂ ಎಕ್ಸ್‌ರೇ ಯಂತ್ರ ಕೈಕೊಡಬಹುದಿತ್ತು. ಸಲೈನಿನ ಸೂಜಿ ರೋಗಿಯ ಚರ್ಮವನ್ನು ದಾಟಿ ಹಿಡಿದುಕೊಂಡವನ ಹೆಬ್ಬೆರಳಿಗೆ, ಎಂದರೆ ನನ್ನ ಹೆಬ್ಬೆರಳಿಗೆ, ಇಳಿಯಬಹುದಿತ್ತು. ರೋಗಿ ಕಚ್ಚಬಹುದಿತ್ತು, ಕಚ್ಚಿದರೆ ಇಂಥ ಪ್ರಾಣಿಯ ಹಲ್ಲಿಗೆ ಯಾವ ಚುಚ್ಚುಮದ್ದು ಎಂದು ತಿಳಿದವರು ಕುವೈತಿನಲ್ಲಿ ಒಬ್ಬರೂ ಇಲ್ಲದೆ ಹೋಗಬಹುದಿತ್ತು. ಯಾರೂ ನೋಡದಾಗ ಬುಟ್ಟಿಯಿಂದ ಇಳಿದು, ಗೋಡೆ ಹತ್ತಿ, ಛಾವಣಿಯ ಏಸಿ ಕೊಳವೆಯೊಳಗೆ ಅದು ಸೇರಿಕೊಂಡುಬಿಡಬಹುದಿತ್ತು. ಪಕ್ಕದ ಕೋಣೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಪರ್ಷಿಯನ್ ಬೆಕ್ಕು ಅದರ ಮುಖ ನೋಡಿ ಎದೆಯೊಡೆದು ಸಾಯಬಹುದಿತ್ತು. ಯಾರಾದರೂ ಅಧಿಕಾರಿ ಬಂದು ಇದರ ಕಾಗದಪತ್ರ ತೋರಿಸಿ ಎಂದು ಕೇಳಿ, ಅದರದು ಸಿಗದೆ, ಹಾಗಿದ್ದರೆ ನಿನ್ನ ಇಕಾಮಾ, ಎಂದರೆ ವಾಸದ ಪರವಾನಗಿ, ತೋರಿಸು ಎಂದು ನನ್ನ ಕಡೆಗೆ ತಿರುಗಬಹುದಿತ್ತು. ಎಲ್ಲಕ್ಕೂ ಮಿಗಿಲಾಗಿ, ಅದು ಸತ್ತುಹೋಗಬಹುದಿತ್ತು. ಸತ್ತದ್ದು ಗೊತ್ತೇ ಆಗದೆ ನಾವು ಎರಡು ದಿನ ಅದರ ಶುಶ್ರೂಷೆ ಮಾಡುತ್ತ ಕೂತಿರಬಹುದಿತ್ತು.

ಇಂಥ ಇಪ್ಪತ್ತಮೂರು ಅನಾಹುತಗಳನ್ನು ನಾನು ಆ ದಿನ, ಔಷಧ ಕಂಪನಿಯವರು ಬಿಟ್ಟುಹೋಗಿದ್ದ ಚೀಟಿಪುಸ್ತಕದಲ್ಲಿ ಅಂಕಿ ಹಾಕಿ ಬರೆದಿಟ್ಟಿದ್ದೆ. ನಗಬೇಡಿ. ಕೆಲವರಿಗೆ ಎಲೆಯಡಿಕೆಯ ಚಟ, ಕೆಲವರಿಗೆ ನಶ್ಯದ್ದು. ನನಗೆ ಚಿಂತೆಯ ಪಟ್ಟಿಯದು. ಬರೆದಿಟ್ಟ ಅನಾಹುತ ಕಾಗದದಲ್ಲೇ ಉಳಿಯುತ್ತದೆ, ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ ಎಂಬುದು ಐವತ್ತರ ಸಮೀಪಕ್ಕೆ ಬಂದ ನನ್ನ ಏಕಮಾತ್ರ ಸಿದ್ಧಾಂತ. ಹೆಂಡತಿ ಗಿರಿಜಾಗೆ ಈ ಸಿದ್ಧಾಂತದ ಮೇಲೆ ಗೌರವವಿಲ್ಲ. "ಏನ್ರೀ, ಇವತ್ತಿನ ಪಟ್ಟ್ಯಾಗ ನಾ ಎಷ್ಟನೇ ನಂಬರಿಗೆ ಬಂದೇನಿ?" ಎಂದು ಚಹಾ ಕೊಡುವಾಗ ಕೇಳುತ್ತಾಳೆ. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಮಾಧಾನ ಹೇಳುವ ಮಗಳದು ಒಂದೇ ಮಂತ್ರ: "ಅಪ್ಪಾ, ಜಸ್ಟ್ ಚಿಲ್." ತಣ್ಣಗಿರು ಎಂದು ಅದರ ಅರ್ಥವಂತೆ. ತಣ್ಣಗಿರುವುದು ಎಂಥ ಭಯಂಕರ ಸಂಗತಿ ಎಂದು ಆ ಮಗುವಿಗೆ ಹೇಗೆ ಗೊತ್ತಾಗಬೇಕು?

ಆ ಇಪ್ಪತ್ತಮೂರರಲ್ಲಿ ಒಂದೂ ನಡೆಯಲಿಲ್ಲ. ನಡೆದದ್ದು ಇಪ್ಪತ್ತಮೂರರಲ್ಲಿ ಇರಲಿಲ್ಲ. ನನ್ನ ಬೆನ್ನುನೋವಿಗೆಂದು ಕೊಂಡ ಕೆಂಪು ರಬ್ಬರಿನ ಬಿಸಿನೀರು ಚೀಲ, ದಿನವೂ ಊಟದ ಡಬ್ಬಿಯ ಜೊತೆ ಮಹಬೂಲಾದ ನಮ್ಮ ಫ್ಲಾಟಿನಿಂದ ನನ್ನೊಡನೆ ಹೊರಟು, ದಿನವೂ ನನ್ನೊಡನೆ ಮನೆಗೆ ಮರಳುವ ಆ ಸಾಧು ವಸ್ತುವಿನ ಬಗ್ಗೆ ಎಂದೂ ಚಿಂತಿಸಬೇಕೆಂದು ನನಗೆ ಹೊಳೆದಿರಲಿಲ್ಲ.

ರುಮೈಥಿಯಾದ ಒಂದು ಸಣ್ಣ ಪಶುಚಿಕಿತ್ಸಾಲಯದಲ್ಲಿ ಅಂಗಡಿ ಎಂಬ ಅಡ್ಡಹೆಸರಿನ ನಾನು ಫೋನು ಎತ್ತುವವನು, ರಕ್ತ ಪರೀಕ್ಷಿಸುವವನು, ಎಕ್ಸ್‌ರೇ ತೆಗೆಯುವವನು, ಹಿಡಿದುಕೊಳ್ಳಿ ಎಂದರೆ ಹಿಡಿದುಕೊಳ್ಳುವವನು. ನರಗುಂದದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರಿಕೆ ಕಲಿತು, ಎರಡೇ ವರ್ಷಕ್ಕೆಂದು ಬಂದು, ಆ ಹೊತ್ತಿಗೆ ಹದಿನಾಲ್ಕು ವರ್ಷವಾಗಿತ್ತು. ಎತ್ತಿನ ಹೊಟ್ಟೆಯುಬ್ಬರಕ್ಕೆ ಏನು ಮಾಡಬೇಕೆಂದು ತಿಳಿದ ಕೈಗಳಿಗೆ ಇಲ್ಲಿ ಸಿಕ್ಕದ್ದು ಬೆಕ್ಕು, ಗಿಳಿ, ಬೇಟೆಯ ಗಿಡುಗ, ಒಮ್ಮೊಮ್ಮೆ ಕಾರಿನ ಹಿಂದಿನ ಸೀಟಿನಲ್ಲಿ ಬಂದಿಳಿಯುವ ಆಡು. ನಮ್ಮ ಡಾಕ್ಟರು ಐರಿನ್, ಮಂಗಳೂರಿನ ಕೊಂಕಣಿ ಮನೆತನದವರು. ಅವರು ಕಿರಿಯರಾದರೂ ನಾನು ಅವರಿಗೆ ಹೆದರುತ್ತೇನೆ, ಹೆದರಿಕೆಯಲ್ಲಿ ನನಗೆ ವಯಸ್ಸಿನ ಭೇದವಿಲ್ಲ.

ಆಗಸ್ಟ್ ತಿಂಗಳ ಒಂದು ಶನಿವಾರ ಫೋನು ಬಂತು. ಆ ಕಡೆಯ ದನಿ ಗಂಡಸಿನದು. ಅರಬಿ ಮಾತು ನನ್ನ ಅರಬಿಯಂತೆಯೇ ಕುಂಟುತ್ತಿತ್ತು.

"ದಖ್ತೂರ್ ಮೌಜೂದ್?"

ಡಾಕ್ಟರು ಇಲ್ಲ, ಏನು ತೊಂದರೆ ಎಂದು ನಾನೂ ಅರಬಿಯಲ್ಲೇ ಕೇಳಿದೆ.

"ಕಸ್ಲಾನ್ ತಅಬಾನ್."

ಕಸ್ಲಾನ್ ಎಂದರೆ ಸೋಮಾರಿ, ತಅಬಾನ್ ಎಂದರೆ ದಣಿದಿದ್ದಾನೆ, ಅಷ್ಟು ಅರಬಿ ನನಗೆ ಹದಿನಾಲ್ಕು ವರ್ಷಗಳಲ್ಲಿ ಬಂದಿತ್ತು. ಅಷ್ಟೇ ಬಂದಿತ್ತು ಎಂಬುದು ದುರಂತ. ಯಾವುದೋ ದೊಡ್ಡ ಮನೆಯ ಕೆಲಸದವನು ಮತ್ತೊಬ್ಬ ಮೈಗಳ್ಳನ ಮೇಲೆ ದೂರು ಹೇಳಲು ತಪ್ಪಿ ನಮ್ಮ ನಂಬರು ಒತ್ತಿದ್ದಾನೆ ಎಂದುಕೊಂಡೆ. ಸೋಮಾರಿಗೆ ದಣಿವಂತೆ! ನನಗೆ ನಗು ಉಕ್ಕಿ ಬಂತು. "ಅನಾ ಬಅದ್ ತಅಬಾನ್," ನಾನೂ ದಣಿದಿದ್ದೇನಪ್ಪ, ಎಂದೆ. ಆತ "ಲಾ ಲಾ, ವಾಜಿದ್ ತಅಬಾನ್," ಬಹಳ, ಬಹಳ, ಎಂದು ಬೇಡಿಕೊಳ್ಳುವ ಸ್ವರದಲ್ಲಿ ಹೇಳಿದ. "ಖಲ್ಲೀ ನೌಮ್," ಮಲಗಲಿ ಬಿಡು, ಎಂದು ನಾನು ನಗುತ್ತಲೇ ಅಪ್ಪಣೆ ಕೊಡಿಸಿದೆ. ಆತ ವಿನಯವಾಗಿ "ಶುಕ್ರನ್" ಎಂದು ಫೋನು ಇಟ್ಟ. ಆ ಜೋಕನ್ನು ಸಂಜೆ ಗಿರಿಜಾಗೆ ಹೇಳಿ ಇನ್ನೊಮ್ಮೆ ನಕ್ಕೆ. ವರ್ಷಕ್ಕೊಮ್ಮೆ ನಗುವ ಮನುಷ್ಯ, ನೋಡಿ, ಎಂಥ ಹೊತ್ತು ಆರಿಸಿಕೊಂಡೆ!

ಬುಧವಾರ ಮಧ್ಯಾಹ್ನ, ಬಾಗಿಲು ಹಾಕುವ ಹೊತ್ತಿಗೆ, ಒಗೆಯುವ ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಎದೆಗವಚಿಕೊಂಡು ನಲವತ್ತರ ಆಸುಪಾಸಿನ ಒಬ್ಬ ಡ್ರೈವರ್ ಒಳಗೆ ಬಂದ. ಬುಟ್ಟಿಯ ಅಂಚಿಗೆ ನಾಲ್ಕು ಕೊಕ್ಕೆಗಳು ಸಿಕ್ಕಿಕೊಂಡಿದ್ದವು. ಕೊಕ್ಕೆಗಳ ಹಿಂದೆ ಎರಡು ತೋಳು, ತೋಳುಗಳ ನಡುವೆ, ಕಲ್ಲಂಗಡಿ ಗಾತ್ರದ ಕಂದು ಜೂಲಿನ ಮುದ್ದೆಯಲ್ಲಿ ಹಂದಿಮರಿಯದೂ ಅಲ್ಲದ ಮುದುಕನದೂ ಅಲ್ಲದ ಒಂದು ಮುಖ, ಏನೋ ನೆನಪಾಗಿ ನಗುತ್ತಿರುವಂತೆ. ನಾನು ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದು ತಕ್ಕಡಿಯ ಮೇಲೆ ಹತ್ತಿ ನಿಂತೆ. ಎಪ್ಪತ್ತೆಂಟು ಕೆಜಿ ತೋರಿಸಿತು, ಅದು ಮತ್ತೊಂದು ಆಘಾತ.

"ಯಾ ಅಲ್ಲಾ, ಇದು ಹೋದ್ರೆ ನನ್ನ ಕತೆ ಖಲಾಸ್," ಎಂದು ಆತ ತನ್ನಷ್ಟಕ್ಕೆ ಗೊಣಗಿಕೊಂಡ. ಕನ್ನಡದಲ್ಲಿ.

ಐರಿನ್ ಡಾಕ್ಟರು ತಟ್ಟನೆ ತಲೆಯೆತ್ತಿದರು. "ಊರು ಎಲ್ಲಿ ನಿಮ್ದು?"

"ಉಳ್ಳಾಲ, ಮೇಡಂ. ಶಂಸುದ್ದೀನ್ ಅಂತ." ಆತನ ಕಣ್ಣು ತುಂಬಿ ಬಂತು. "ಶನಿವಾರವೇ ಫೋನ್ ಮಾಡಿದ್ದೆ ನಾನು. ನಿಮ್ಮಲ್ಲಿ ಯಾರೋ ಮಿಸ್ರಿ ಎತ್ತಿದ. ಕಸ್ಲಾನ್‌ಗೆ ಸೌಖ್ಯ ಇಲ್ಲ ಅಂದೆ. ಮಲಗ್ಲಿ ಬಿಡು ಅಂದ. ಸರಿ, ಡಾಕ್ಟ್ರ ಕಡೆಯವ್ರು ಹೇಳಿದ ಮೇಲೆ ಅಂತ ನಾನು ಲೈಟ್ ಆಫ್ ಮಾಡಿ, ಪಾಪ ಈ ಸೆಕೆಗೆ ಚಂದ ನಿದ್ದೆ ಬರ್ಲಿ ಅಂತ ಏಸಿ ಹದಿನಾರಕ್ಕೆ ಇಟ್ಟು ಮಲಗಿಸಿದೆ."

"ನಮ್ಮಲ್ಲಿ ಮಿಸ್ರಿ ಯಾರು, ಮಾರಾಯ್ರೆ?" ಎಂದು ಡಾಕ್ಟರು, ಇಲ್ಲಿ ಈಜಿಪ್ಟಿನವನು ಎಲ್ಲಿಂದ ಬಂದ ಎಂಬಂತೆ, ನನ್ನ ಕಡೆ ತಿರುಗಿದರು.

ನಾನು ಬೂಟಿನ ಲೇಸು ಕಟ್ಟಲು ಬಾಗಿದೆ. ನಾನು ಹಾಕಿಕೊಂಡಿದ್ದದ್ದು ಚಪ್ಪಲಿ.

ಓದುಗ ಮಿತ್ರರೇ, ಆ ಬಾಗಿದ ಭಂಗಿಯಲ್ಲಿ ನನಗೆ ಹೊಳೆದದ್ದನ್ನು ಹೇಳಿಬಿಡುತ್ತೇನೆ. ಕಸ್ಲಾನ್ ಎಂಬುದು ಬೈಗುಳವಲ್ಲ, ಇಂಗ್ಲಿಷಿನವರು ಸ್ಲಾತ್ ಎನ್ನುವ ಈ ಪ್ರಾಣಿಗೆ ಅರಬಿಯಲ್ಲಿ ಹೆಸರೇ ಅದು. ತಅಬಾನ್ ಎಂದರೆ ದಣಿದವನು ಮಾತ್ರವಲ್ಲ, ಕಾಯಿಲೆಯವನೂ ಹೌದು. ಒಬ್ಬ ಉಳ್ಳಾಲದವನು, ಒಬ್ಬ ನರಗುಂದದವನು, ಇಬ್ಬರೂ ತಮ್ಮದಲ್ಲದ ಮಾತಿನ ಬಾಡಿಗೆ ಅಂಗಿ ತೊಟ್ಟು, ಒಬ್ಬರನ್ನೊಬ್ಬರು ಅರಬರೆಂದೋ ಮಿಸ್ರಿಯೆಂದೋ ಭಾವಿಸಿ, ಫೋನಿನ ಎರಡು ತುದಿಗಳಲ್ಲಿ ನಿಂತಿದ್ದೆವು. ಆತ ತನ್ನ ಊರಿನಂತೆ "ಸೌಖ್ಯ ಇಲ್ಲ" ಎಂದಿದ್ದರೆ, ನಾನು ನನ್ನ ಊರಿನಂತೆ "ಯಾಕ, ಆರಾಮ ಇಲ್ಲೇನು?" ಎಂದಿದ್ದರೆ, ನಾಲ್ಕು ದಿನ ಉಳಿಯುತ್ತಿದ್ದವು. ಆಗಲಿಲ್ಲ. ನನ್ನ ಪಟ್ಟಿ ಮುಂದೆ ಆಗಬಹುದಾದದ್ದನ್ನಷ್ಟೇ ಕಾಯುತ್ತದೆ. ಆಗಿಹೋದದ್ದಕ್ಕೆ ಅದರಲ್ಲಿ ಅಂಕಿಯಿಲ್ಲ.

ಶಂಸುದ್ದೀನ್ ಡ್ರೈವರಾಗಿದ್ದ ಮನೆಯವರೆಲ್ಲ ಬೇಸಿಗೆ ಕಳೆಯಲು ವಿದೇಶಕ್ಕೆ ಹೋಗಿದ್ದರು. ಯಾರೋ ಉಡುಗೊರೆ ಕೊಟ್ಟಿದ್ದ ಈ ಪ್ರಾಣಿಗೆ ಮಕ್ಕಳು ಫುಸ್ತುಕ್, ಎಂದರೆ ಪಿಸ್ತಾ, ಎಂದು ಹೆಸರಿಟ್ಟು, ಅದರ ಊಟ ಉಪಚಾರವನ್ನು ಶಂಸುದ್ದೀನನಿಗೆ ಒಪ್ಪಿಸಿದ್ದರು. ಅದಕ್ಕೆ ಏನಾದರೂ ಆದರೆ ಕಫೀಲನ, ಎಂದರೆ ವೀಸಾ ಕೊಟ್ಟ ಯಜಮಾನನ, ಮುಂದೆ ನಿಲ್ಲಬೇಕಾದವನು ಆತ. ಆದರೆ ಆತ ಓಡಿಬಂದದ್ದು ಅದಕ್ಕೆ ಮಾತ್ರವಲ್ಲ ಎಂದು ಆ ಜೂಲನ್ನು ಸವರುತ್ತಿದ್ದ ಬೆರಳು ನೋಡಿದರೆ ತಿಳಿಯುತ್ತಿತ್ತು.

ಆಮೇಲಿನ ಎರಡು ತಾಸು ನನಗೆ ಒಂದರ ಮೇಲೊಂದು ಬಡಿದ ಸಿಡಿಲು. ಮೊದಲು ಜ್ವರದ ಡಿಜಿಟಲ್ ಕಡ್ಡಿ ಇಟ್ಟೆ. ಅಂಕಿಯೇ ಬರಲಿಲ್ಲ, 'ಲೋ', ಎಂದರೆ ಅಳತೆಗೂ ಕಡಿಮೆ, ಎಂಬ ಎರಡು ಇಂಗ್ಲಿಷ್ ಅಕ್ಷರ ಮಿನುಗಿತು. ಕಡ್ಡಿ ಕೆಟ್ಟಿದೆ ಎಂದೆ. ಇನ್ನೊಂದು ತಂದೆ, ಅದಕ್ಕೂ 'ಲೋ'. ಕೊನೆಗೆ ಲಸಿಕೆಯ ಫ್ರಿಜ್ಜಿನಲ್ಲಿ ಇಟ್ಟಿದ್ದ ತಂತಿಯ ತಾಪಮಾಪಕವನ್ನು ಕಿತ್ತು ತಂದು ಬಳಸಿದರೆ ಇಪ್ಪತ್ತಾರು ಎಂದಿತು. ಆರೋಗ್ಯವಾಗಿದ್ದಾಗಲೂ ಇದರ ಮೈ ನಮ್ಮಷ್ಟು ಬಿಸಿಯಲ್ಲ, ಮೂವತ್ತರಿಂದ ಮೂವತ್ತನಾಲ್ಕರ ನಡುವೆ ಎಲ್ಲೋ, ಎಂದು ಡಾಕ್ಟರು ಮುದ್ರಿಸಿ ತಂದ ಹಾಳೆಗಳನ್ನು ತಿರುವುತ್ತ ಹೇಳಿದರು. "ನಾನೂ ಪುಸ್ತಕದಲ್ಲೇ ನೋಡಿದ್ದು, ಅಂಗಡಿಯವ್ರೆ. ಹೆದರ್ಬೇಡಿ." ಡಾಕ್ಟರೇ ಪುಸ್ತಕ ನೋಡುತ್ತಿದ್ದಾರೆ ಎಂಬುದಕ್ಕಿಂತ ಹೆದರಲು ಬೇರೆ ಕಾರಣ ಬೇಕೆ?

ರೋಗಿಯ ಚೀಟಿ ಬರೆಯುವುದು ನನ್ನ ಕೆಲಸ. 'ಎರಡು ಬೆರಳಿನ ಜಾತಿ' ಎಂದು ಡಾಕ್ಟರು ಹೇಳಿದರು, ಬರೆದುಕೊಂಡೆ. ನನ್ನ ಸ್ವಭಾವಕ್ಕೆ ತಕ್ಕಂತೆ ಎಣಿಸಿಯೂ ನೋಡಿದೆ. ಮುಂಗೈಯಲ್ಲಿ ಎರಡು, ಸರಿ. ಹಿಂಗಾಲಿನಲ್ಲಿ ಮೂರು! 'ಹಿಂಗಾಲುಗಳಲ್ಲಿ ಒಂದೊಂದು ಬೆರಳು ಹೆಚ್ಚು, ಹುಟ್ಟಿನ ದೋಷ' ಎಂದು ಕೆಂಪು ಶಾಯಿಯಲ್ಲಿ ಬರೆದೆ. ಎಲ್ಲಕ್ಕೂ ಹಿಂದೆ ಮೂರೇ, ಹೆಸರಿಟ್ಟವರು ಕೈಯನ್ನಷ್ಟೇ ನೋಡಿ ಹೆಸರಿಟ್ಟರು ಎಂದು ಡಾಕ್ಟರು ಹೊಡೆದುಹಾಕಿದರು. ಎಕ್ಸ್‌ರೇ ತೆಗೆದೆ. ಕತ್ತಿನ ಮೂಳೆ ಎಣಿಸಿದೆ, ಆರು. ಮತ್ತೆ ಎಣಿಸಿದೆ, ಆರೇ. ಇಲಿಗೆ ಏಳು, ಒಂಟೆಗೆ ಏಳು, ಜಿರಾಫೆಗೂ ಏಳು, ಕತ್ತು ಹಿಡಿದಾಗ ಪ್ರತಿಯೊಂದೂ ಬೇರೆ ಬೇರೆಯಾಗಿ ನೋಯುವುದರಿಂದ ಬಲ್ಲೆ, ನನಗೂ ಏಳು. ಒಂದು ಮೂಳೆಯನ್ನು ನನ್ನ ಯಂತ್ರವೇ ನುಂಗಿತೆಂದು ನಾನು ಬೆವೆತುಹೋದೆ. ಅದೂ ಈ ಜಾತಿಯ ಲಕ್ಷಣವಂತೆ. ಹೆಚ್ಚುಕಡಿಮೆ ಹಾಲುಣಿಸುವ ಪ್ರಾಣಿಗಳೆಲ್ಲ ಪಾಲಿಸುವ ಏಳರ ನಿಯಮ ಇದಕ್ಕೆ ಯಾರೂ ತಿಳಿಸಿರಲಿಲ್ಲ. ಬಾಯಿಯ ಮುಂಭಾಗದಲ್ಲಿ ಬಾಚಿಹಲ್ಲಿಲ್ಲ, ಅದರ ಬದಲು ಒಂದಕ್ಕೊಂದು ಉಜ್ಜಿ ತಾವೇ ಹರಿತವಾಗುವ ಕೋರೆಗಳು. ಕೂದಲಿನ ಬೈತಲೆ ಬೆನ್ನ ಮೇಲಲ್ಲ, ಹೊಟ್ಟೆಯ ಮೇಲೆ. ಹುಟ್ಟಾ ತಲೆಕೆಳಗಾಗಿ ತೂಗುವ ಜೀವಕ್ಕೆ ಮಳೆನೀರು ಇಳಿಯುವ ದಾರಿ ಅದು. ಕಾಡಿನಲ್ಲಿದ್ದರೆ ಈ ಕೂದಲಿನ ಗೀರುಗಳಲ್ಲಿ ಹಸಿರು ಪಾಚಿ ಬೆಳೆಯುತ್ತದಂತೆ. ಫುಸ್ತುಕ್‌ನ ಕೂದಲು ಹೊದಿಕೆಯ ಹಳೆಯ ಉಣ್ಣೆಯಂತೆ ಒಣಗಿತ್ತು. ಹೆಸರು ಪಿಸ್ತಾ, ಹಸಿರು ಎಂಬುದು ಎಳ್ಳಷ್ಟೂ ಇಲ್ಲ.

ಆಮೇಲೆ ಎದೆಬಡಿತ. ಸ್ಟೆತಾಸ್ಕೋಪ್ ಇಟ್ಟು ಕಾದೆ. ನನ್ನ ಎದೆಯದ್ದೇ ಕೇಳಿಸುತ್ತಿತ್ತು, ತಮಟೆಯಂತೆ. "ಡಾಕ್ಟ್ರೇ, ಇದು..." ಎಂದು ತೊದಲಿದೆ.

"ಇಲ್ಲ ಇಲ್ಲ, ಉಂಟು ಜೀವ," ಎಂದ ಶಂಸುದ್ದೀನ್ ಅವಸರದಿಂದ. "ನೋಡಿ, ಬುಟ್ಟಿಯನ್ನು ಹೇಗೆ ಹಿಡ್ಕೊಂಡಿದೆ!"

ಡಾಕ್ಟರು ಸ್ಟೆತಾಸ್ಕೋಪನ್ನು ತಮ್ಮ ಕಿವಿಗೆ ಸಿಕ್ಕಿಸಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ಹಿಡ್ಕೊಂಡದ್ದನ್ನು ನಂಬ್ಲಿಕ್ಕೆ ಆಗುದಿಲ್ಲ, ಶಂಸುದ್ದೀನ್. ಇವು ಸತ್ತ ಮೇಲೂ ಹಿಡ್ಕೊಂಡೇ ಇರ್ತವಂತೆ. ಇವುಗಳ ಸ್ನಾಯು ಹಾಗೆ. ಹಿಡಿಲಿಕ್ಕೆ ಶಕ್ತಿ ಬೇಡ. ಬಿಡ್ಲಿಕ್ಕೆ ಬೇಕು."

ಬಹಳ ಹೊತ್ತಿನ ಮೇಲೆ ಡಾಕ್ಟರು ತೋರುಬೆರಳೆತ್ತಿದರು. ಒಂದು. ಇನ್ನೂ ಒಂದು ಯುಗದ ನಂತರ ಮತ್ತೆ ಎತ್ತಿದರು. ಎರಡು. ಇತ್ತು.

ಎಕ್ಸ್‌ರೇಯಲ್ಲಿ ಕಂಡದ್ದು ಇನ್ನೂ ದೊಡ್ಡ ಬೆರಗು. ಹೊಟ್ಟೆ ತುಂಬಿತ್ತು, ಬಿರಿಯುವಷ್ಟು. ಎಲೆ, ಕಾಯಿ, ಗಾಳಿ. ಉಪವಾಸದಿಂದ ಕರಗಿಹೋಗಿದ್ದ ಮೈಯೊಳಗೆ ತುಂಬಿದ ಹೊಟ್ಟೆ. ನಮ್ಮ ಎತ್ತುಗಳಂತೆ ಇದಕ್ಕೂ ಹಲವು ಕೋಣೆಗಳ ಹೊಟ್ಟೆ, ಆದರೆ ಮೆಲುಕಿಲ್ಲ. ಎಲೆಯನ್ನು ಒಳಗಿನ ಸೂಕ್ಷ್ಮಜೀವಿಗಳು ಹುದುಗಿಸಿ ಕೊಡಬೇಕು, ಒಂದು ಎಲೆ ಒಳಹೊಕ್ಕು ಹೊರಬರಲು ವಾರಗಳೇ ಬೇಕು. ಆ ಹುದುಗು ನಡೆಯುವುದು ಹೊಟ್ಟೆ ಬೆಚ್ಚಗಿದ್ದರೆ ಮಾತ್ರ. ತನ್ನ ಮೈಯನ್ನು ತಾನೇ ಕಾಯಿಸಿಕೊಳ್ಳುವ ಕಸುವು ಇದಕ್ಕೆ ಕಡಿಮೆ, ಸುತ್ತಣ ಗಾಳಿ ಎಷ್ಟೋ ಹೆಚ್ಚುಕಡಿಮೆ ಇದೂ ಅಷ್ಟು. ಹೊಟ್ಟೆ ತಣ್ಣಗಾಯಿತೋ, ಒಳಗಿನ ಅಡುಗೆಮನೆ ಬಂದ್. ಉಣ್ಣುತ್ತ ಉಣ್ಣುತ್ತ, ತುಂಬಿದ ಹೊಟ್ಟೆಯಲ್ಲೇ, ಹಸಿವಿನಿಂದ ಸಾಯುತ್ತದೆ.

"ಎಣ್ಣಿ ಕುಡಸೂಣೇನ್ರಿ?" ಎಂದು ನನ್ನ ನರಗುಂದದ ವಿದ್ಯೆ ತಡೆಯಲಾರದೆ ಬಾಯಿಬಿಟ್ಟಿತು.

"ನಿಮಗೆ ಕುಡಿಸ್ತೇನೆ," ಎಂದರು ಡಾಕ್ಟರು.

ನಾನು ಗೋಡೆಗೊರಗಿ ನಿಂತುಬಿಟ್ಟೆ. ನಮ್ಮ ಓಣಿಯಲ್ಲಿ ಮಜ್ಜಿಗೆ ಕೊಟ್ಟವರನ್ನು ಮುದುಕಿಯರು ಹರಸುತ್ತಿದ್ದದ್ದು ಹೇಗೆ? "ನಿನ್ನ ಹೊಟ್ಟಿ ತಣ್ಣಗಿರ್ಲಿ, ನನ್ನಪ್ಪ." ಬಿಸಿಲ ನಾಡಿನವರಿಗೆ ತಂಪೇ ದೇವರು, ನಮ್ಮಲ್ಲಿ ಒಳ್ಳೆಯವರನ್ನು ನೆನೆಯುವುದೂ ತಂಪು ಹೊತ್ತಿನಲ್ಲಿ. ಕುವೈತಿನಲ್ಲಂತೂ ಪ್ರೀತಿಯನ್ನು ಅಳೆಯುವುದೇ ಏಸಿಯ ಅಂಕಿಯಿಂದ. ಅತಿಥಿ ಬಂದರೆ ಇಪ್ಪತ್ತು, ಬೀಗರು ಬಂದರೆ ಹದಿನೆಂಟು. ಉಳ್ಳಾಲದ ಆ ಮನುಷ್ಯ ತನ್ನ ಎದೆಯಲ್ಲಿದ್ದ ಅಷ್ಟೂ ಅಕ್ಕರೆಯನ್ನು ಹದಿನಾರಕ್ಕೆ ಇಳಿಸಿ ಆ ಜೀವಕ್ಕೆ ಹೊದಿಸಿದ್ದ. ಹರಕೆಯೇ ಶಾಪವಾಗಿತ್ತು. ಆ ಶಾಪಕ್ಕೆ ಮಂತ್ರ ಹೇಳಿಕೊಟ್ಟವನು, ಫೋನಿನಲ್ಲಿ ನಗುತ್ತ, ನಾನು.

ಎಕ್ಸ್‌ರೇ ಕೋಣೆಯ ಏಸಿ ಆರಿಸಿದೆವು. ಆಗಸ್ಟಿನ ನಡುಹಗಲಲ್ಲಿ ಕುವೈತಿನವರು ಏಸಿ ಆರಿಸಿದ್ದನ್ನು ನೀವು ನೋಡಿದ್ದೀರಾ? ಅರ್ಧ ತಾಸಿಗೆ ಕೋಣೆ ಮೂವತ್ತಕ್ಕೆ ಬಂತು. ಅಲ್ಲಿಂದ ಮೇಲೆ ಹೋಗದಂತೆ ಬಾಗಿಲನ್ನು ತೆರೆಯುವುದು ಮುಚ್ಚುವುದು ನನ್ನ ಕೆಲಸವಾಯಿತು. ಒಣ ಗಾಳಿ ಆಗದೆಂದು ಕೆಟಲಿನಲ್ಲಿ ನೀರು ಕುದಿಸಿ, ಒದ್ದೆ ಟವೆಲುಗಳನ್ನು ತೂಗುಹಾಕಿ, ನಾನೂ ಶಂಸುದ್ದೀನನೂ ಪಾತ್ರೆಯೊಳಗಿನ ಎರಡು ಇಡ್ಲಿಗಳಂತೆ ಬೇಯುತ್ತ ಕೂತೆವು. ಬೆಚ್ಚಗೆ ಮಾಡಿದ ಸಲೈನನ್ನು ಡಾಕ್ಟರು ಚರ್ಮದಡಿಗೆ ಕೊಟ್ಟರು. ಬಾಯಿಗೆ ಏನನ್ನೂ ಕೊಡುವಂತಿರಲಿಲ್ಲ. ಒಮ್ಮೆಲೇ ಕಾಯಿಸುವಂತೆಯೂ ಇರಲಿಲ್ಲ. ಹೊಟ್ಟೆಯ ಬಳಿ ಇಡಲು ಹದವಾದ ಬಿಸಿ ಏನಾದರೂ ಇದೆಯೇ ಎಂದು ಅವರು ಕೇಳಿದಾಗ ನನ್ನ ಕೆಂಪು ಚೀಲ ಊಟದ ಡಬ್ಬಿಯ ಪಕ್ಕದಿಂದ ಎದ್ದು ಬಂತು. ಟವೆಲು ಸುತ್ತಿ ಬುಟ್ಟಿಯಲ್ಲಿ ಇಟ್ಟೆವು. ಅದು ತಣಿದಂತೆಲ್ಲ ನೀರು ಬದಲಿಸಬೇಕು. ಆ ಬಿಡುವಿನಲ್ಲೇ ನಾನು ಪಟ್ಟಿ ಬರೆದದ್ದು.

"ಎಂತ ಬರಿತೀರಿ, ಸಾರ್? ಮದ್ದಿನ ಲೆಕ್ಕವಾ?" ಎಂದು ಶಂಸುದ್ದೀನ್ ಕೇಳಿದ.

"ಹೂಂ," ಎಂದೆ. ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನನ್ನ ಬಾಯಿಯ ಸ್ನಾಯುಗಳು ಕಚ್ಚಿಕೊಂಡಲ್ಲೇ ಕಚ್ಚಿಕೊಂಡಿದ್ದವು.

"ಆ ಮಿಸ್ರಿ ಸಿಕ್ಕಿದ್ರೆ ಒಂದು ಮಾತು ಕೇಳ್ಬೇಕು ನನಗೆ," ಎಂದ ಆತ, ಸಿಟ್ಟಿಲ್ಲದೆ, ಫುಸ್ತುಕ್‌ನ ತಲೆ ಸವರುತ್ತ. "ನಗಾಡಿದ, ಸಾರ್. ಅದು ಯಾಕೆ ಅಂತ."

ಕೆಟಲಿನ ನೀರು ಕುದಿಯಿತು. ಪುಣ್ಯಕ್ಕೆ ಎದ್ದು ಹೋಗಲು ನೆಪ ಸಿಕ್ಕಿತು.

ರಾತ್ರಿಯ ಪಾಳಿ ಡಾಕ್ಟರದಾಯಿತು. ಮನೆಯಲ್ಲಿ ಗಿರಿಜಾಗೆ ಎಲ್ಲ ಹೇಳಿದೆ, ಮಿಸ್ರಿಯದೂ ಸೇರಿ. ಬೈಯುತ್ತಾಳೆಂದು ಕಾದೆ. ಅವಳು ಬಾಲ್ಕನಿಗೆ ಹೋಗಿ, ಕುಂಡದ ದಾಸವಾಳದಲ್ಲಿ ಮರುದಿನದ ಪೂಜೆಗೆಂದು ಉಳಿಸಿದ್ದ ಮೂರು ಹೂವನ್ನೂ ನಾಲ್ಕಾರು ಎಳೆ ಎಲೆಯನ್ನೂ ಕಿತ್ತು ಡಬ್ಬಿಗೆ ಹಾಕಿದಳು. "ದೇವರು ಒಂದಿನಾ ತಡ್ಕೋತಾನ. ಅದು ಎಲಿ ತಿನ್ನೂ ಜೀವ ಅಂದ್ರಲ್ಲ, ಎಚ್ಚರಾದ್ರ ಕೊಡ್ರಿ. ಮತ್ತ ಆ ಮನಶ್ಯಾಗ ಹೇಳ್ರಿ, ಕನ್ನಡದಾಗ."

ಮರುದಿನ ಮೈಬಿಸಿ ಮೂವತ್ತನ್ನು ಮುಟ್ಟಿತ್ತು. ಆದರೂ ಫುಸ್ತುಕ್ ಹಾಗೆಯೇ ಇತ್ತು. ಅದೇ ಕೊಕ್ಕೆ, ಅದೇ ಅಂಚು, ಅದೇ ನಗು. ಇಲ್ಲಿ ನಮ್ಮ ಭಾಷೆಯೂ ಕೈಚೆಲ್ಲುತ್ತದೆ. ನಮ್ಮ ಕಡೆ ಕಾಯಿಲೆಗೆ 'ಆರಾಮ ಇಲ್ಲ' ಎನ್ನುತ್ತೇವೆ. ಆರಾಮವೇ ಮೂರ್ತಿವೆತ್ತು ತೂಗುವ ಈ ಪ್ರಾಣಿಗೆ ಆರಾಮ ಇದ್ದಾಗಲೂ ಹೀಗೆಯೇ, ಇಲ್ಲದಾಗಲೂ ಹೀಗೆಯೇ. ಇದರ ಸುಖಕ್ಕೂ ಸಂಕಟಕ್ಕೂ ಒಂದೇ ಮುಖ. ನಾನಾದರೋ ಒಂದು ಸೀನಿಗೆ ಓಣಿಯನ್ನೆಲ್ಲ ಎಬ್ಬಿಸುವವನು. ನಮ್ಮ ಜೀವ ಮಾತುಮಾತಿಗೆ ಬಾಯಿಗೆ ಬರುತ್ತದೆ. ಇದರ ಜಾತಿಯಲ್ಲಿ ಕೆಲವಕ್ಕೆ ಯಕೃತ್ತು, ಜಠರಗಳನ್ನೂ ಪಕ್ಕೆಲುಬಿಗೆ ಬಿಗಿದು ಕಟ್ಟಿರುತ್ತದಂತೆ,  ತಲೆಕೆಳಗಾದಾಗ ಶ್ವಾಸಕೋಶದ ಮೇಲೆ ಭಾರ ಬೀಳದ ಹಾಗೆ. ಒಳಗಿನದು ಒಳಗೇ. ಇಲ್ಲಿ ನಮ್ಮ ನಡುವೆಯೂ ಇಂಥವರು ಎಷ್ಟು ಮಂದಿ! ಊರಿನಿಂದ ಫೋನು ಬಂದರೆ "ಆರಾಮ, ಆರಾಮ" ಎನ್ನುತ್ತ, ಹಿಡಿದ ಕೊಂಬೆಯನ್ನು ಹಿಡಿದೇ ಇರುವವರು. ಹಿಡಿದಿದ್ದಾರೆ, ಆದ್ದರಿಂದ ಚೆನ್ನಾಗಿದ್ದಾರೆ ಎಂದು ನೋಡಿದವರು ತಿಳಿಯುತ್ತಾರೆ.

ಇದು ಇಷ್ಟರಲ್ಲಿ ಒಂದಕ್ಕೂ ಎರಡಕ್ಕೂ ಹೋಗಬೇಕು, ಅಲ್ಲಿಯವರೆಗೆ ಹೊಟ್ಟೆ ಮತ್ತೆ ಚಾಲೂ ಆಯಿತೆಂದು ಹೇಳುವಂತಿಲ್ಲ ಎಂದಿದ್ದರು ಡಾಕ್ಟರು. ಈ ಜೀವ ವಾರಕ್ಕೊಮ್ಮೆ ಮರದಿಂದ ಇಳಿದು ನೆಲದ ಮೇಲೆಯೇ ಮಲಮೂತ್ರ ಮಾಡಿ ಮರಳಿ ಏರುತ್ತದೆ. ಆ ಮಧ್ಯಾಹ್ನ ಶಂಸುದ್ದೀನ್ ನಮಾಜಿಗೆ ಹೋಗಿದ್ದ, ಡಾಕ್ಟರು ಆಚೆ ಊಟಕ್ಕೆ ಕೂತಿದ್ದರು, ನಾನೊಬ್ಬನೇ ಪಟ್ಟಿಯ ಹದಿನೇಳನೆಯದನ್ನು ತಿದ್ದುತ್ತಿದ್ದೆ. ಪಾದಕ್ಕೆ ಏನೋ ಬೆಚ್ಚಗೆ ತಗುಲಿತು. ನೋಡುತ್ತೇನೆ, ಬುಟ್ಟಿಯ ಕೆಳಗಿನಿಂದ ನೀರು! ಧಾರೆ! ಹೊಳೆ!

"ಮಾಡ್ತರೀ! ಡಾಕ್ಟ್ರೇ, ಮಾಡ್ತು!" ಎಂದು ನಾನು ಕೂಗಿದ್ದು ಎಂಥ ಕೂಗೆಂದರೆ, ಐರಿನ್ ಡಾಕ್ಟರು ಅನ್ನದ ಕೈಯಲ್ಲೇ ಓಡಿ ಬಂದರು, ಬಾಗಿಲಲ್ಲಿ ಶಂಸುದ್ದೀನ್ ಒಂದೇ ಚಪ್ಪಲಿಯಲ್ಲಿ ಪ್ರತ್ಯಕ್ಷನಾದ, ಪರ್ಷಿಯನ್ ಬೆಕ್ಕು ತನ್ನ ಡ್ರಿಪ್ಪನ್ನು ಕಿತ್ತುಕೊಂಡಿತು.

ಡಾಕ್ಟರು ನೀರಿಗೆ ಬೆರಳಿಟ್ಟು ಮೂಸಿದರು. "ಬರೀ ರಬ್ಬರ್ ವಾಸನೆ." ಟವೆಲು ಎತ್ತಿದರು. ನನ್ನ ಕೆಂಪು ಚೀಲದಲ್ಲಿ ಎರಡು ತೂತು, ಅಕ್ಕಪಕ್ಕ, ಒಪ್ಪವಾಗಿ. ಎರಡರಿಂದಲೂ ನೀರು ಚಿಮ್ಮುತ್ತಿತ್ತು. ನಾನು ಬೆಪ್ಪಾಗಿ ನಿಂತೆ. ಇಪ್ಪತ್ತಮೂರು ಕಾವಲುಗಾರರನ್ನು ನಿಲ್ಲಿಸಿದ್ದೆ, ಇದು ಇಪ್ಪತ್ತನಾಲ್ಕನೆಯ ಬಾಗಿಲಿನಿಂದ ಬಂತು. ಸತ್ತಿತೆಂದೇ ಶಂಸುದ್ದೀನ್ ಮುಖ ಮುಚ್ಚಿಕೊಂಡ.

"ಅಳ್ಬೇಡಿ ಮಾರಾಯ್ರೆ, ನೋಡಿ ಇಲ್ಲಿ," ಎಂದರು ಡಾಕ್ಟರು. ಅವರ ದನಿಯೇ ಬೇರೆಯಾಗಿತ್ತು. "ಅದರ ಬಲಗೈ ಎಲ್ಲಿದೆ?"

ನೋಡಿದೆವು. ನಿನ್ನೆಯಿಂದ ಬುಟ್ಟಿಯ ಅಂಚಿಗೆ ಸಿಕ್ಕಿದ್ದ ಬಲಗೈ ಅಲ್ಲಿರಲಿಲ್ಲ. ಯಾರೂ ನೋಡದ ಯಾವುದೋ ಗಳಿಗೆಯಲ್ಲಿ, ತನ್ನದೇ ಅವಸರವಿಲ್ಲದ ಲೆಕ್ಕದಲ್ಲಿ, ಫುಸ್ತುಕ್ ಅಂಚನ್ನು ಬಿಟ್ಟು, ಕೈ ಚಾಚಿ, ಬೆಚ್ಚಗಿದ್ದುದನ್ನು ಹುಡುಕಿ ಅಪ್ಪಿಕೊಂಡಿತ್ತು. ಹಿಡಿಯುವುದು ಸತ್ತ ಮೇಲೂ ಆಗುತ್ತದೆ. ಇದು ಬಿಟ್ಟಿತ್ತು.

ನನಗೆ ಏನಾಯಿತೋ. "ಶಂಸುಭಾಯ್," ಎಂದೆ, "ಆ ಮಿಸ್ರಿ ನಾನ. ಫೋನಿನ್ಯಾಗ ನಕ್ಕಾವ ನಾನ. ಕಸ್ಲಾನ್ ಅಂದ್ರ ನನಗ ತಿಳೀಲಿಲ್ಲಪಾ. ತಪ್ಪಾತು."

ಆತ ಕೈ ತೆಗೆದು ನನ್ನನ್ನು ನೋಡಿದ. ಡಾಕ್ಟರು ಬುಟ್ಟಿಯ ಕಡೆಗೆ ಬಹಳ ಗಮನ ಕೊಟ್ಟರು.

"ನೀವಾ?" ಎಂದ ಶಂಸುದ್ದೀನ್. "ಅದು ಅರಬಿಯಾ, ಸಾರ್? ನನಗೆ ಒಂದು ಅಕ್ಷರ ಸರಿಯಾಗಿ ತಿಳಿಲಿಲ್ಲ. ಅದಕ್ಕೇ ಮಿಸ್ರಿ ಇರ್ಬೇಕು ಅಂದ್ಕೊಂಡದ್ದು ನಾನು!" ಅಷ್ಟು ಹೇಳಿ, ತೋಳಿನಿಂದ ಕಣ್ಣೊರೆಸಿಕೊಂಡು, ಮತ್ತೂ ಸೇರಿಸಿದ: "ಏಸಿ ಹದಿನಾರು ಮಾಡಿದ್ದು ನಾನೇ ಅಲ್ವಾ. ಅದನ್ನು ನಿಮ್ಮ ಮೇಲೆ ಹಾಕ್ಲಿಕ್ಕಾಗ್ತದಾ?"

ಸಂಜೆ ಫುಸ್ತುಕ್ ದೇವರ ಪಾಲಿನ ದಾಸವಾಳವೊಂದನ್ನು ಕಣ್ಣುಮುಚ್ಚಿ, ಒಂದೊಂದೇ ಎಸಳು, ಅರ್ಧ ತಾಸು ಜಗಿಯಿತು. ಮೂರನೆಯ ದಿನ ಬುಟ್ಟಿಯಿಂದ ಇಳಿದು, ಹಾಸಿದ ಪತ್ರಿಕೆಯ ಮೇಲೆ, ಸಾವಧಾನವಾಗಿ, ನಾವು ಮೂವರೂ ಕೈಮುಗಿದು ನಿಂತು ನೋಡುವಂಥ ಕಾರ್ಯವನ್ನು ಪೂರೈಸಿತು. ಮನೆಗೆ ಕರೆದೊಯ್ಯುವಾಗ ಶಂಸುದ್ದೀನ್ ಅದರ ಕೋಣೆಯ ಏಸಿ ರಿಮೋಟಿನ ಬ್ಯಾಟರಿ ಕಿತ್ತು ತನ್ನ ಕಿಸೆಯಲ್ಲೇ ಇಟ್ಟುಕೊಂಡಿರುವುದಾಗಿ ಹೇಳಿದ. ಮನೆಯವರು ಮರಳಿದಾಗ ಎಲ್ಲವನ್ನೂ ತಾನೇ ಹೇಳಿದನಂತೆ, ಕೆಲಸ ಹೋಗಲಿಲ್ಲ. ಆಮೇಲೂ ಎಷ್ಟೋ ವರ್ಷ ಆತ ಫೋನು ಮಾಡುತ್ತಿದ್ದ. ನಾನು ಎತ್ತಿದೊಡನೆ, "ಯಾರು, ಮಿಸ್ರಿಯಾ?" ಎನ್ನುತ್ತಿದ್ದ. "ಕಸ್ಲಾನ್ ಆರಾಮ ಅದಾನೇನಪಾ?" ಎನ್ನುತ್ತಿದ್ದೆ. ಬೇರೆ ಯಾರ ಫೋನು ಬಂದರೂ ನಾನೀಗ ಮೊದಲು ಕೇಳುವುದು ಊರು ಯಾವುದು ಎಂದು. ಅಪ್ಪಟ ಕುವೈತಿಗಳು ಕೆಲವರು ತಬ್ಬಿಬ್ಬಾಗಿದ್ದಾರೆ.

ಚೀಲದ ಎರಡು ತೂತಿಗೆ ಶಂಸುದ್ದೀನನೇ ಟ್ಯೂಬಿಗೆ ಹಚ್ಚುವ ಕರಿಯ ತೇಪೆ ಹಚ್ಚಿಕೊಟ್ಟ. ಹೊಸದು ಕೊಳ್ಳೋಣವೆಂದು ಗಿರಿಜಾ ಹೇಳುತ್ತಲೇ ಇರುತ್ತಾಳೆ. ನಾನು ಕೇಳಿಲ್ಲ. ಮಧ್ಯಾಹ್ನ ಬೆನ್ನ ಕೆಳಗೆ ಅದನ್ನು ಇಟ್ಟುಕೊಂಡು ಮಲಗುತ್ತೇನೆ. ಒಮ್ಮೊಮ್ಮೆ ಮಗುಚಿ ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಎಡಗಡೆಯ ತೇಪೆ ಸ್ವಲ್ಪ ಜಿನುಗುತ್ತದೆ.